ಗಟಾರದ ಕಣ್ಣು

ಜನಗಣತಿಗೆ ಬಂದ ಮಾಸ್ತರರಿಗೆ ಸುಳ್ಳು ಹೇಳಬಹುದು, ರೇಷನ್ ಕಾರ್ಡಿನವರಿಗೆ ಹೇಳಬಹುದು, ಮನೆಗೆ ಬಂದ ಬೀಗರಿಗೂ ಹೇಳಬಹುದು. ಗಟಾರಕ್ಕೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನರ ಉಚ್ಚೆ ಅದರೊಳಗೆ ಹರಿದೇ ಹರಿಯುತ್ತದೆ. ಈ ಸತ್ಯ ಎಷ್ಟೋ ಕಾಲದಿಂದ ಎಲ್ಲರ ಕಾಲಬುಡದಲ್ಲೇ ಹರಿಯುತ್ತಿದ್ದರೂ, ಅದಕ್ಕೊಂದು ಕಣ್ಣು ಹಚ್ಚಿ ದೊಡ್ಡ ಹೆಸರು ಮಾಡಿದವರು ಹುಬ್ಬಳ್ಳಿಯ ವಿಜ್ಞಾನಿ ಡಾ. ಗುರುಪಾದ ಮೆಣಸಿನಕಾಯಿಯವರು.

ಯಂತ್ರದ ಸರ್ಕಾರಿ ಹೆಸರು ಜನಭಾರ ಮಾಪಕ. ಊರವರು ಕರೆಯುವುದು ಗಟಾರದ ಕಣ್ಣು ಅಂತ. ಗೇಣುದ್ದದ ಉಕ್ಕಿನ ಕೊಳವೆ. ಒಂದೊಂದು ಓಣಿಯ ಒಳಚರಂಡಿ ದೊಡ್ಡ ಪೈಪಿಗೆ ಕೂಡುವ ಜಾಗದಲ್ಲಿ, ಮುಚ್ಚಳದ ಕೆಳಗೆ ಕೂತಿರುತ್ತದೆ. ಮನುಷ್ಯನ ಮೈ ದಿನಕ್ಕಿಷ್ಟು ಎಂದು ಹೊರಗೆ ಹಾಕುವ ಕೆಲವು ವಸ್ತುಗಳಿವೆ. ಅವನ್ನು ಅಳೆದು ಓಣಿಯಲ್ಲಿ ಎಷ್ಟು ತಲೆಗಳಿವೆ ಎಂದು ಹೇಳುತ್ತದೆ. ಅದು ಅರ್ಧ ಕೆಲಸ. ಉಳಿದರ್ಧವೇ ಮೆಣಸಿನಕಾಯಿಯವರ ಹೆಸರನ್ನು ದಿಲ್ಲಿಯವರೆಗೆ ಒಯ್ದದ್ದು. ಬಸುರಿಯ ಮೈಯಲ್ಲಿ ತಿಂಗಳು ತುಂಬುತ್ತ ಹೋದಂತೆ ಒಂದು ಹಾರ್ಮೋನು ಏರುತ್ತ ಹೋಗುತ್ತದೆ. ಕಣ್ಣು ಅದನ್ನೂ ಓದಿ, ಈ ಓಣಿಗೆ ಇನ್ನು ಇಷ್ಟು ಹೊಸ ಬಾಯಿಗಳು ಬರಲಿವೆ ಎಂದು ಮುಂಚೆಯೇ ಹೇಳಿಬಿಡುತ್ತದೆ. ಮೊದಲ ತಿಂಗಳುಗಳ ಬಸಿರು ನಿಲ್ಲುತ್ತದೋ ಇಲ್ಲವೋ ಯಾರು ಕಂಡರು? ಅದನ್ನು ಲೆಕ್ಕಕ್ಕೆ ಹಿಡಿದರೆ ಅಂಕಿ ಕೆಡುತ್ತದೆ. ಆದ್ದರಿಂದ ಏಳನೇ ತಿಂಗಳಿಂದ ಮಾತ್ರ ಎಣಿಕೆ ಎಂದು ಮೆಣಸಿನಕಾಯಿಯವರು ನಿಯಮ ಮಾಡಿದರು. ಆ ನಿಯಮದ ಮೇಲೆ ಅವರು ಬರೆದ ಪ್ರಬಂಧಕ್ಕೆ ಚಿನ್ನದ ಪದಕ ಬಂತು. ಪದಕ ಕೊಟ್ಟವರಿಗಾಗಲಿ ಪಡೆದವರಿಗಾಗಲಿ ತಾವು ಯಾವ ನಾಡಿನ ಬಸುರಿಯರನ್ನು ಎಣಿಸಲು ಹೊರಟಿದ್ದೇವೆ ಎಂಬ ಖಬರೇ ಇರಲಿಲ್ಲ.

ಮೆಣಸಿನಕಾಯಿಯವರಿಗೆ ಜನರೆಂದರೆ ಆಗದು. ಇದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಕಾಲೇಜಿನ ದಿನಗಳಲ್ಲಿ ಊರ ಹೊರಗಿನ ಹಿರೇಕೆರೆಯಲ್ಲಿ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನು ಕಂಡು ದಂಡೆಯ ಮೇಲೆ ಕೂತು ಅತ್ತಿದ್ದರು. ಆ ಅಳು ಸುಳ್ಳಲ್ಲ. ಊರು ಬೆಳೆದಿತ್ತು, ಕೆರೆ ಕುಗ್ಗಿತ್ತು, ಊರಿನ ಹೊಲಸೆಲ್ಲ ಅದಕ್ಕೇ ಹರಿದಿತ್ತು. ಆದರೆ ಅತ್ತು ಎದ್ದ ಮೇಲೆ ಮನುಷ್ಯ ಎರಡು ದಾರಿ ಹಿಡಿಯಬಹುದು: ಕೆರೆಯ ಮೇಲೆ ಅಕ್ಕರೆ ಬೆಳೆಸಿಕೊಳ್ಳಬಹುದು, ಇಲ್ಲವೇ ಮನುಷ್ಯರ ಮೇಲೆ ಹೇಸಿಗೆ. ಎರಡನೆಯದು ಸಲೀಸು. ಅದಕ್ಕೆ ಕೆಸರಿಗೆ ಇಳಿಯುವ ಕೆಲಸವಿಲ್ಲ, ಎತ್ತರದಲ್ಲೊಂದು ಕುರ್ಚಿ ಇದ್ದರೆ ಸಾಕು.

ಆ ಕುರ್ಚಿ ಅವರಿಗೆ ನಗರಭಾರ ಪ್ರಾಧಿಕಾರದ ನಿಯಂತ್ರಣ ಕೊಠಡಿಯಲ್ಲಿ ಸಿಕ್ಕಿತು. ಗೋಡೆಯ ತುಂಬ ಊರಿನ ನಕ್ಷೆ. ಪ್ರತಿ ಓಣಿಗೂ ಇಂತಿಷ್ಟು ಜನ ತಾಳಬಲ್ಲದು ಎಂಬ ಮಿತಿ. ಮಿತಿ ಮೀರಿ ಬಸಿರು ಕಂಡ ಓಣಿ ಕೆಂಪಗಾಗುತ್ತದೆ, ಅಲ್ಲಿನ ನೀರಿನ ವಾಲ್ವು ಬಿಗಿಯಾಗುತ್ತದೆ. ಮೊದಲ ಹಂತದಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು, ಎರಡನೆಯದರಲ್ಲಿ ವಾರಕ್ಕೊಮ್ಮೆ, ಮೂರನೆಯದರಲ್ಲಿ ಹತ್ತು ದಿನಕ್ಕೊಮ್ಮೆ. ಟ್ಯಾಂಕರ್ ತರಿಸುವಂತಿಲ್ಲ, ದಂಡ ಬೀಳುತ್ತದೆ. ಬಸಿರು ಕಾಣದ ಬಡಾವಣೆಗೆ ಹಸಿರು ಬಾವುಟ ಮತ್ತು ದಿನವಿಡೀ ನೀರು. ತಲೆಗಳ ಅಂಕಿ ಪರದೆಯ ಒಂದು ಮೂಲೆಯಲ್ಲಿ, ನೀರಿನ ಅಂಕಿ ಇನ್ನೊಂದು ಮೂಲೆಯಲ್ಲಿ ಇರುತ್ತಿದ್ದವು. ಒಂದನ್ನು ಇನ್ನೊಂದರಿಂದ ಭಾಗಿಸಿ ತಲೆಗೆಷ್ಟು ನೀರು ಎಂದು ನೋಡುವುದು ನಾಲ್ಕನೇ ಇಯತ್ತೆಯ ಲೆಕ್ಕ. ಚಿನ್ನದ ಪದಕದವರಿಗೆ ಅಷ್ಟು ಕೆಳಗಿಳಿಯುವ ವ್ಯವಧಾನ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಪರದೆಯ ಮುಂದೆ ಕೂತಿದ್ದ ಆಪರೇಟರ್ ನಜ್ಮಾ ಬಳ್ಳೂರ ಹಳೇ ಊರಿನ ಬಾವಿಕಟ್ಟಿ ಓಣಿಯ ಮೇಲೆ ಬೆರಳಿಟ್ಟಳು.

"ಸರ್, ಬಾವಿಕಟ್ಟಿ ಕೆಂಪು ಮತ್ತ ಏರೇತ್ರಿ. ಎರಡನೇ ಹಂತ ಹಾಕೂದಾ? ಈಗ ನಾಕ ದಿನಕ್ಕೊಮ್ಮೆ ಬಿಡಾಕತ್ತೇವಿ. ಮಂದಿ ಬೈತಾರ್ರಿ."

"ಬೈಲಿ ಬಿಡು. ಹಡಿಯೂದು ನಿಂದರಸಿದ್ರ ನೀರು ತಾನ ಬರ್ತೈತಿ," ಎಂದರು ಮೆಣಸಿನಕಾಯಿಯವರು. "ಆರ ವರ್ಷ ಆತು ನೋಡು, ಈ ಓಣಿ ಒಮ್ಮೆರ ಹಸಿರಿಗೆ ಬಂದೈತೇನು? ಇರೂದು ಗೇಣು ಜಾಗ, ಹಡಿಯೂದು ಹಿಂಡು ಹಿಂಡು. ಹಸಿರುಸಿರಿ ನೋಡಿ ಕಲೀಬೇಕು ಇವರು."

ಹಸಿರುಸಿರಿ ಎಂದರೆ ಅವರೇ ಇದ್ದ ಬಡಾವಣೆ. ಊರಿಂದ ಆಚೆ, ಗೋಡೆ ಕಟ್ಟಿದ ನೂರಾರು ಮನೆಗಳು. ನಕ್ಷೆಯ ಮೇಲೆ ಆರು ವರ್ಷದಿಂದ ಎಲೆಯ ಹಾಗೆ ಹಸಿರಾಗಿ, ಅಂಕಿಯ ಜಾಗದಲ್ಲಿ ಸೊನ್ನೆ ಇಟ್ಟುಕೊಂಡು ಕೂತಿತ್ತು. ದೇಶಕ್ಕೇ ಮಾದರಿಯಾದ 'ಶೂನ್ಯ ಬಡಾವಣೆ'. ಮೆಣಸಿನಕಾಯಿಯವರು ಆ ಸೊನ್ನೆಯನ್ನು ನೋಡಿ ಚಹಾ ಕುಡಿದು, ಬಾವಿಕಟ್ಟಿಗೆ ಎರಡನೇ ಹಂತ ಹಾಕಿ ಮನೆಗೆ ಹೋದರು.

ಬಾವಿಕಟ್ಟಿ ಓಣಿ ಅವರ ಹೆಂಡತಿಯ ತವರು. ಅದು ಅವರಿಗೆ ನೆನಪಿರಲಿಲ್ಲ ಎಂದಲ್ಲ. ವಿಜ್ಞಾನದಲ್ಲಿ ನಂಟಸ್ತಿಕೆ ತರಬಾರದು ಎಂದು ಅವರು ಭಾಷಣಗಳಲ್ಲಿ ಹೇಳುತ್ತಿದ್ದರು.

ಮನೆಯಲ್ಲಿ ಅವತ್ತು ಹಬ್ಬ. ಮಗಳು ಐಸಿರಿ ಬಂದಿದ್ದಳು. ಸೊಲ್ಲಾಪುರದ ಗಂಡನ ಮನೆಯಲ್ಲಿ ಏಳನೇ ತಿಂಗಳಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕಳಿಸಿದ್ದರು. ಕರೆದುಕೊಂಡು ಬಂದ ತಾಯಿ ಸುಗಲಾ ಆಗಲೇ ಹಿತ್ತಲಿನ ಬಚ್ಚಲಲ್ಲಿ ಬಾಣಂತಿಗೆ ನೀರು ಕಾಯಿಸುವ ಹಂಡೆ ಹೂಡಿಸುವ ಮಾತಾಡುತ್ತಿದ್ದಳು. ಬಾಣಂತಿಗೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಕುದಿನೀರು ಎರೆಯಬೇಕು. ಗೀಜರಿನ ನೀರು ಮೈಗೆ ಹಿಡಿಯುವುದಿಲ್ಲ ಎಂಬುದು ಆಕೆಯ ನಂಬಿಕೆ.

ಮೆಣಸಿನಕಾಯಿಯವರು ಮಗಳ ತಲೆ ಮೇಲೆ ಕೈಯಿಟ್ಟು, "ಏನ್ ತಿಂತಿ ಹೇಳವ್ವಾ," ಎಂದು ಕೇಳಿದರು. ಸಂಜೆಯೇ ಹೋಗಿ ತೇಗದ ತೊಟ್ಟಿಲು ಗೊತ್ತು ಮಾಡಿ ಬಂದರು. ಭೂಮಿ, ಭಾರ, ಹೊಸ ಬಾಯಿ ಇವ್ಯಾವೂ ಅವರ ತಲೆಗೆ ಬರಲಿಲ್ಲ. ಅವು ಕಚೇರಿಯ ಮಾತುಗಳು. ಹೊರಗೆ ಹುಲ್ಲಿನ ಮೇಲೆ ಕಾರಂಜಿ ಪಿಚಕಾರಿ ನೀರು ಚಿಮ್ಮುತ್ತಲೇ ಇತ್ತು. ಹಸಿರುಸಿರಿಯ ಹುಲ್ಲು ಹನ್ನೆರಡು ತಿಂಗಳೂ ಹಸಿರು, ಈಜುಕೊಳ ಹನ್ನೆರಡು ತಿಂಗಳೂ ನೀಲಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಮರುದಿನ ನಜ್ಮಾ ಬಾಗಿಲಲ್ಲೇ ಎದುರಾದಳು.

"ಸರ್, ಹಸಿರುಸಿರಿಯೊಳಗ ಒಂದು ತೋರಸಾಕತ್ತೈತ್ರಿ."

"ಕೊಳವ್ಯಾಗ ಕಸ ಸಿಕ್ಕಿರಬೇಕು. ತೊಳಸು."

"ತೊಳಿಸಿದ್ವಿರಿ."

"ಮತ್ತೊಮ್ಮೆ ತೊಳಸು!"

ಬಾವಿಕಟ್ಟಿ ಓಣಿ ಆರು ವರ್ಷ ಕೆಂಪಗೆ ಉರಿದಾಗ ಒಮ್ಮೆಯೂ ಕೊಳವೆ ತೊಳೆಸಿ ಎಂದವರಲ್ಲ ಇವರು. ಎರಡು ಸಲ ತೊಳೆದರೂ ಒಂದು ಒಂದಾಗಿಯೇ ಉಳಿಯಿತು. ಆಗ ಮೆಣಸಿನಕಾಯಿಯವರಿಗೆ ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಕೂತು ಹುಣಸೆ ಚಿಗಳಿ ನೆಕ್ಕುತ್ತಿದ್ದ ಮಗಳು ನೆನಪಾದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಸುಮ್ಮನೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಸಂಜೆ ಬಡಾವಣೆಯ ಸಂಘದ ಅಧ್ಯಕ್ಷ ಶ್ರೀಕಾಂತ ಹೊಂಬಳ ಮನೆಗೇ ಬಂದ. ಸಿಮೆಂಟ್ ವ್ಯಾಪಾರಿ, ದುಂಡು ಮುಖ, ದುಂಡು ಮಾತು.

"ಡಾಕ್ಟರ್ ಸಾಹೇಬ್ರ, ಮಗಳು ಬಂದದ್ದು ಸಂತೋಷ ಆತ್ರಿ. ಆದ್ರ ಬರೂ ವಾರ ದಿಲ್ಲಿಯಿಂದ ನಿಯೋಗ ಬರ್ತೈತಿ, ನಮ್ಮ ಸೊನ್ನೆ ನೋಡಾಕ. ಅವರು ಬಂದಾಗ ಒಂದು ಅಂತ ಇದ್ರ ಹೆಂಗ್ರಿ? ಬಾವುಟ ಹೋಗ್ತೈತಿ, ನೀರೂ ಹೋಗ್ತೈತಿ."

"ಆಕಿ ನನ್ನ ಮಗಳ್ರಿ. ಇದು ಆಕಿ ತವರಮನಿ," ಎಂದರು ಮೆಣಸಿನಕಾಯಿ.

"ಅಲ್ರಿ, ನಮ್ಮನ್ಯಾಗೂ ಸೊಸಿ ಇಲ್ಲೇನು? ಎರಡ ಸಲ ಬಸರಾದ್ಲು. ಏಳರಾಗ ಕುಬಸ ಮಾಡಿದ್ವಿ, ಹಳೇ ಊರಾಗ ಆಕಿ ತವರಿಗೆ ಕಳಿಸಿದ್ವಿ. ಹಡದು, ಬಾಣಂತನ ಮುಗಿಸಿ, ಕೂಸಿನ್ನ ಕರಕೊಂಡು ಬಂದ್ಲು. ನಮ್ಮ ಬಡಾವಣ್ಯಾಗ ಇರೂರೆಲ್ಲಾ ಹೊಸಾ ಜೋಡಿಗೋಳು, ಎಲ್ಲಾರ ಹಡದವರೂ ಓಣ್ಯಾಗ ಅದಾರ. ಎಲ್ಲಾರೂ ಹಿಂಗ ಮಾಡೂದು. ಸಂಘದಾಗ ಬರದಿಲ್ಲ ಅಷ್ಟ, ಎಲ್ಲಾರಿಗೂ ಗೊತ್ತೈತಿ. ಯಂತ್ರ ಮಾಡಿದ ನಿಮಗ ಗೊತ್ತಿಲ್ಲೇನು?"

ಹೊಂಬಳ ಇದನ್ನು ವ್ಯಂಗ್ಯಕ್ಕೆ ಕೇಳಲಿಲ್ಲ. ಮೆಣಸಿನಕಾಯಿಯವರು ಬುದ್ಧಿವಂತಿಕೆಯಿಂದಲೇ ಏಳು ತಿಂಗಳ ನಿಯಮ ಮಾಡಿ ಬಡಾವಣೆಗೆ ಉಪಕಾರ ಮಾಡಿದ್ದಾರೆ ಎಂದೇ ಆತ ಇಷ್ಟು ವರ್ಷ ತಿಳಿದಿದ್ದ. ಆ ನಂಬಿಕೆಯಿಂದ ಒಂದು ದೀಪಾವಳಿಗೆ ಬೆಳ್ಳಿ ತಟ್ಟೆಯನ್ನೂ ಕೊಟ್ಟಿದ್ದ.

ಆತ ಹೋದ ಮೇಲೆ ಮೆಣಸಿನಕಾಯಿಯವರು ಹೆಂಡತಿಯ ಹತ್ತಿರ ಮಾತು ತೆಗೆದರು. ನಿಯೋಗ ಬಂದು ಹೋಗುವ ತನಕ ಐಸಿರಿ ಬಾವಿಕಟ್ಟಿ ಓಣಿಯಲ್ಲಿ ಸೋದರಮಾವನ ಮನೆಯಲ್ಲಿ ಇರಲಿ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಧಾಟಿ.

ಸುಗಲಾ ಹೆಚ್ಚುತ್ತಿದ್ದ ಸವತೆಕಾಯಿ ಕೆಳಗಿಟ್ಟಳು.

"ಬಾವಿಕಟ್ಟಿಗೆ ವಾರಕ್ಕೊಮ್ಮೆ ನೀರ ಮಾಡಿದವರು ನೀವ ಅಲ್ಲೇನ್ರಿ? ಅಲ್ಲಿ ನನ್ನ ಮಗಳಿಗೆ ನಾ ಏನ ಎರೀಲಿ, ನಿಮ್ಮ ಪದಕಾ ತೊಳದ ನೀರಾ?"

"ಹೆರಿಗೆ ತನಕ ಅಲ್ಲೇ ಇರಬೇಕಂತ ಯಾರಂದ್ರು? ಒಂದ ವಾರದ ಮಾತು. ಆಮ್ಯಾಲೆ ನಾ ಎಲ್ಲಾ ಸರಿ ಮಾಡ್ತೀನಿ."

"ಅಲ್ಲಿ ಬಸರಿದ್ದೋರಿಗೆ ನೀರು ಬಂದ್ ಮಾಡಿದಾಗ ಇಂಥಾ ಒಂದ ವಾರದ ಮಾತು ನೆನಪಾಗಲಿಲ್ಲಲ್ಲ ನಿಮಗ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಐಸಿರಿ ನಕ್ಕಳು. ಆ ನಗೆ ಚೆನ್ನಾಗಿರಲಿಲ್ಲ. "ಬಿಡವ್ವಾ, ಹೋಗ್ತೀನಿ. ಆದ್ರ ಅಪ್ಪಾ, ಯಾಕ ಬಂದಿ ಅಂತ ಅಲ್ಲಿ ಕಸ್ತೂರಿ ಅತ್ತಿ ಕೇಳಿದ್ರ ಏನ ಹೇಳ್ಲಿ? ನಮ್ಮಪ್ಪ ನನ್ನ ಉಚ್ಚಿ ಎಣಿಸಿ ಮನಿ ಬಿಡಿಸಿದಾ ಅಂತ ಹೇಳ್ಲೇನು?"

ಮೆಣಸಿನಕಾಯಿಯವರು ಕಿಟಕಿಯಾಚೆ ನೋಡಿದರು. ಹೊರಗೆ ಹುಲ್ಲಿಗೆ ನೀರು ಬೀಳುತ್ತಿತ್ತು. ಮಗಳು ಬಳೆಗಳ ಸಪ್ಪಳ ಮಾಡುತ್ತ ಬಟ್ಟೆ ಜೋಡಿಸಿಕೊಂಡಳು. ತಾಯಿಯೂ ತನ್ನ ಸೀರೆ ಜೋಡಿಸಿಕೊಂಡಳು. ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು.

ಎರಡು ದಿನ ಕಳೆದು ಅವರು ನಿಯಂತ್ರಣ ಕೊಠಡಿಗೆ ಬಂದಾಗ ಹಸಿರುಸಿರಿ ಮತ್ತೆ ಸೊನ್ನೆಯಾಗಿತ್ತು. ಬಾವಿಕಟ್ಟಿ ಓಣಿಯಲ್ಲಿ ಒಂದು ಹೆಚ್ಚಾಗಿತ್ತು. ಅದೊಂದು ಹೆಚ್ಚಾದದ್ದೇ ಓಣಿ ಮೂರನೇ ಹಂತದ ಗೆರೆ ದಾಟಿತ್ತು.

ಮೆಣಸಿನಕಾಯಿಯವರು ಆ ಕೆಂಪು ಗುರುತನ್ನು ನೋಡುತ್ತ ನಿಂತರು. ಅದು ಹಿಂಡು ಹಿಂಡಾಗಿ ಹಡೆಯುವವರಲ್ಲಿ ಒಬ್ಬಾಕೆಯಲ್ಲ, ಐಸಿರಿ. ಚಿಗಳಿ ನೆಕ್ಕುವ, ಅಪ್ಪನಿಗೆ ಎದುರುತ್ತರ ಕೊಡುವ ಐಸಿರಿ. ಹಾಗಿದ್ದರೆ ಉಳಿದ ಗುರುತುಗಳು ಯಾರು?

ದಡ್ಡರಲ್ಲ ಅವರು. ಬೇಕಾದಾಗ ತಲೆ ಚುರುಕಾಗಿಯೇ ಓಡುತ್ತಿತ್ತು. ಆರು ವರ್ಷದ ಅಂಕಿಗಳನ್ನು ಪರದೆಯ ಮೇಲೆ ತಂದು, ಹಸಿರುಸಿರಿಯದನ್ನೂ ಹಳೇ ಓಣಿಗಳದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹಸಿರುಸಿರಿಯಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಅದೇ ವಾರ ಯಾವುದೋ ಓಣಿಯಲ್ಲಿ ಒಂದು ತಲೆ ಹೆಚ್ಚು, ಒಂದು ಬಸಿರು ಹೆಚ್ಚು. ಕೆಲವು ತಿಂಗಳಾದ ಮೇಲೆ ಆ ತಲೆ ವಾಪಸು. ಮತ್ತೆ ಮತ್ತೆ ಅದೇ. ಊರಿನ ಹೊಸ ಬಡಾವಣೆಗಳೆಲ್ಲ ಹೀಗೆ ತಮ್ಮ ಬಸುರಿಯರನ್ನು ಲೆಕ್ಕ ಶುರುವಾಗುವ ತಿಂಗಳಲ್ಲೇ ಓಣಿಗಳಿಗೆ ಇಳಿಸಿ, ಮಕ್ಕಳನ್ನು ಎತ್ತಿಕೊಂಡು ಹೋಗಿದ್ದವು. ಮಕ್ಕಳು ಬಡಾವಣೆಗೆ, ಹಡೆದ ಪಾಪ ಓಣಿಗೆ. ಏಳನೇ ತಿಂಗಳಿಗೆ ಈ ನಾಡಿನ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂಬುದು ಹಾಲು ಹಾಕುವವನಿಗೂ ಗೊತ್ತಿದ್ದ ಸಂಗತಿ. ಮೆಣಸಿನಕಾಯಿಯವರ ಸ್ವಂತ ಹೆಂಡತಿಯೂ ಐಸಿರಿಯನ್ನು ಹಡೆಯಲು ಅದೇ ಬಾವಿಕಟ್ಟಿ ಓಣಿಗೆ ಹೋಗಿದ್ದಳು. ಆಗ ಅವರು ಸಂಶೋಧನೆಯಲ್ಲಿ ಮುಳುಗಿದ್ದರು.

"ಸರ್, ಬಾವಿಕಟ್ಟಿ ಮೂರನೇ ಹಂತ. ನಿಮ್ಮ ಒಪ್ಪಿಗಿ ಬೇಕ್ರಿ," ಎಂದಳು ನಜ್ಮಾ.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದರೆ ಸಾಕು. ಒತ್ತುವಾಗ ಅವರ ಕೈ ನಡುಗಿತು ಎಂದು ಬರೆದರೆ ಓದುವವರಿಗೆ ಸ್ವಲ್ಪ ಸಮಾಧಾನವಾದೀತು. ನಡುಗಲಿಲ್ಲ. ನಿಯೋಗ ಬರುವುದಿತ್ತು. ಈಗ ತಡೆದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಪದಕ, ಪ್ರಬಂಧ, ಸೊನ್ನೆ ಎಲ್ಲವೂ ಗಟಾರಕ್ಕೆ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಏನಾದರೂ ಮಾಡಿದರಾಯಿತು. ಹೆಬ್ಬೆಟ್ಟು ಒತ್ತಿದರು.

ನಿಯೋಗ ಬಂತು. ಹುಲ್ಲಿನ ಮೇಲೆ ಶಾಮಿಯಾನ ಹಾಕಿ, ಈಜುಕೊಳದ ದಂಡೆಯಲ್ಲಿ ಊಟ ಬಡಿಸಿದರು. ದಿಲ್ಲಿಯ ಹಿರಿಯ ಅಧಿಕಾರಿಯೊಬ್ಬರು ಬಡಾವಣೆಯ ಮಕ್ಕಳು ಹೇಳಿದ ಸ್ವಾಗತಗೀತೆ ಕೇಳಿ ಕಣ್ಣೊರೆಸಿಕೊಂಡರು. ಬಸಿರೇ ಇಲ್ಲದ ಬಡಾವಣೆಯಲ್ಲಿ ಇಷ್ಟೊಂದು ಮಕ್ಕಳು ಆಕಾಶದಿಂದ ಉದುರಿದವೇ ಎಂದು ಒಬ್ಬನಾದರೂ ಕೇಳಬೇಕಿತ್ತಲ್ಲ? ಕೇಳಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡರು. ಈ ಯಂತ್ರವನ್ನು ದೇಶದ ಇನ್ನೂ ಹಲವು ಊರುಗಳಿಗೆ ಹಾಕಿಸುವುದಾಗಿ ಅಲ್ಲೇ ಘೋಷಿಸಿದರು. ಊಟದ ಪಾತ್ರೆಗಳನ್ನು ತೊಳೆದ ನೀರು ಹಿರೇಕೆರೆಯ ಕಡೆಗೆ ಹರಿಯಿತು.

ಅಲ್ಲಿಗೆ ಮೆಣಸಿನಕಾಯಿಯವರ ಬಾಯಿ ಇನ್ನಷ್ಟು ಭದ್ರವಾಗಿ ಮುಚ್ಚಿಕೊಂಡಿತು. ಮೊದಲು ಒಂದು ಊರಿನ ತಪ್ಪು, ಈಗ ದೇಶದ್ದು. ಎರಡು ತಿಂಗಳು ಒಂದು ನಿಮಿಷದ ಹಾಗೆ ಹೋಯಿತು. ಐಸಿರಿಯನ್ನು ವಾಪಸು ಕರೆಸುವ ಮಾತನ್ನು ಹೊಂಬಳ ಎತ್ತಲೂ ಬಿಡಲಿಲ್ಲ. ಸುಗಲಾ ಫೋನಿನಲ್ಲಿ ಊಟ ಆಯಿತೇ ಎಂದಷ್ಟೇ ಕೇಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಮೆಣಸಿನಕಾಯಿಯವರು ಒಬ್ಬರೇ ಬ್ರೆಡ್ ತಿಂದು, ಖಾಲಿ ತೊಟ್ಟಿಲನ್ನು ಹಾಯ್ದು ಮಲಗುವ ಕೋಣೆಗೆ ಹೋಗುತ್ತಿದ್ದರು.

ಹೆರಿಗೆ ದವಾಖಾನೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣುಕೂಸು. ಅಂದು ಅಜ್ಜ ದಿಲ್ಲಿಯಲ್ಲಿ ಸನ್ಮಾನದ ಶಾಲು ಹೊದೆಸಿಕೊಳ್ಳುತ್ತಿದ್ದರು. ವಾರದ ಮೇಲೆ ಊರಿಗೆ ಬಂದವರೇ ಮೊಮ್ಮಗಳಿಗೆಂದು ತಂದ ಬೆಳ್ಳಿಯ ಕಾಲುಗೆಜ್ಜೆ ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆಯೇ ಬಾವಿಕಟ್ಟಿ ಓಣಿಗೆ ಹೊರಟರು.

ಕಾರು ಓಣಿಯ ಬಾಯಿಯಲ್ಲೇ ನಿಂತಿತು. ಒಳಗೆ ಹಿಡಿಸುವಷ್ಟು ಜಾಗವಿರಲಿಲ್ಲ. ಇಳಿದು ನಡೆದರು. ಎಷ್ಟೋ ವರ್ಷವಾಗಿತ್ತು ಈ ಮಣ್ಣು ತುಳಿದು. ಒಣಗಿದ ನಲ್ಲಿಗಳ ಮುಂದೆ ಕೊಡಗಳು ಬೋರಲಾಗಿ ಬಿದ್ದಿದ್ದವು. ನೀರು ಕಡಿಮೆಯಾಗಿ ಗಟಾರ ಕಟ್ಟಿಕೊಂಡು, ಅದರ ರೊಚ್ಚು ದಾರಿಗೆ ಬಂದಿತ್ತು. ಅದನ್ನು ದಾಟುವಾಗ ಚಪ್ಪಲಿಯ ಜೊತೆ ಪಾದವೂ ಅದ್ದಿತು. ಕಟ್ಟೆಗಳ ಮೇಲೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುಗಲಾಳ ಅಣ್ಣನ ಹೆಂಡತಿ ಕಸ್ತೂರಿ ಹೊಸ್ತಿಲ ಒಳಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಬರ್ರಿ ಅಳ್ಯಾರ," ಎಂದಳು. ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ. "ಒಳಗ ಹಸಿ ಬಾಣಂತಿ ಅದಾಳ. ಹೊರಗಿಂದ ಬಂದೀರಿ, ಕಾಲ ತೊಳಕೊಂಡು ಬರಬೇಕು. ಗಟಾರದಾಗ ಬ್ಯಾರೆ ಇಳದ ಬಂದೀರಿ."

"ಹೌದೌದು. ನೀರ ಕೊಡ್ರಿ," ಎಂದರು ಮೆಣಸಿನಕಾಯಿಯವರು.

"ನೀರಿಲ್ರಿ."

ಅವರು ಇಣುಕಿ ನೋಡಿದರು. ಅಂಗಳದ ಮೂಲೆಯ ಒಲೆಯ ಮೇಲೆ ಹಂಡೆ ಇತ್ತು, ಮುಚ್ಚಳದ ಸುತ್ತ ಉಗಿ ಏಳುತ್ತಿತ್ತು. "ಹಂಡ್ಯಾಗ ಐತೆಲ್ಲ?"

"ಅದು ಬಾಣಂತಿ ನೀರು. ಹತ್ತ ದಿನಕ್ಕೊಮ್ಮೆ ಬರೂ ನೀರಾಗ ಓಣಿಯವರು ಪಾಳಿ ಹಚ್ಚಿ, ಮನಿಗೊಂದ ಕೊಡ ಅಂತ ನಿಮ್ಮ ಮಗಳಿಗೆ ತಂದ ಕೊಡತಾರ. ತಾವು ಮೈ ತೊಳಕೊಂಡಿಲ್ಲ, ಆಕಿಗೆ ಎರಿಯಾಕ ಕೊಟ್ಟಾರ. ಅದರಾಗ ಒಂದ ತಂಬಿಗಿ ತಗದು ನಿಮ್ಮ ಕಾಲಿಗೆ ಹಾಕೂದಿಲ್ಲ ನಾ."

ಇದನ್ನು ಕಸ್ತೂರಿ ಸಿಟ್ಟಿನಿಂದ ಹೇಳಲಿಲ್ಲ. ಅಕ್ಕಿ ಇಲ್ಲ, ಬೇಳೆ ಇಲ್ಲ ಎನ್ನುವ ಹಾಗೆ ಹೇಳಿದಳು.

ಮೆಣಸಿನಕಾಯಿಯವರಿಗೆ ಉಪಾಯ ಹೊಳೆಯಿತು. ಇಂಥವರಿಗೆ ಉಪಾಯಕ್ಕೇನು ಬರ! ಸರಸರನೆ ಕಾರಿಗೆ ಹೋಗಿ, ಹಿಂದಿನ ಸೀಟಿನಲ್ಲಿದ್ದ ದೊಡ್ಡ ನೀರಿನ ಬಾಟಲಿ ಹಿಡಿದುಕೊಂಡು ಬಂದರು. ಹೋಗಿಬರುವಷ್ಟರಲ್ಲಿ ಪಾದ ಇನ್ನೊಂದು ಸಲ ರೊಚ್ಚಿನಲ್ಲಿ ಅದ್ದಿತು. ಬಾಟಲಿಯ ಮುಚ್ಚಳ ತಿರುವುವಷ್ಟರಲ್ಲಿ ಕಸ್ತೂರಿ ಕೈ ಚಾಚಿದಳು. ಕಾಲಿಗೆ ಹಾಕುತ್ತಾಳೆ ಎಂದುಕೊಂಡು ಅವರು ಕೊಟ್ಟರು, ಪ್ಯಾಂಟನ್ನೂ ಮೇಲೆತ್ತಿ ಹಿಡಿದರು. ಆಕೆ ಬಾಟಲಿ ತೆಗೆದುಕೊಂಡು ಹೋಗಿ, ಹಂಡೆಯ ಮುಚ್ಚಳ ಸರಿಸಿ, ಕೊನೆಯ ಹನಿಯವರೆಗೂ ಅದರೊಳಗೆ ಸುರುವಿದಳು.

"ಚಲೋ ಆತ್ರಿ," ಎಂದು ಖಾಲಿ ಬಾಟಲಿ ವಾಪಸು ಕೊಟ್ಟಳು. "ಇನ್ನ ಇದ್ರ ತರ್ರಿ."

ಒಳಗೆ ಕೂಸು ಅತ್ತಿತು. ಬೆಕ್ಕಿನ ಮರಿಯಂಥ ಸಣ್ಣ ದನಿ. ಅದರ ಹಿಂದೆಯೇ ಐಸಿರಿಯ ದನಿ ಬಂತು: "ಅಪ್ಪಾ ಬಂದಿಯೇನು? ಕಾಲ ತೊಳಕೊಂಡು ಬಾರಪಾ. ನೋಡಬಾ, ನಿನ್ನ ಮೂಗ ಬಂದೈತಿ ಇದಕ್ಕ."

ಆ ಮಾತು ಅವರ ಎದೆಗೆ ನಾಟಿತು. ಮಗಳಿಗೆ ಹೊರಗೆ ನೀರಿಲ್ಲ ಎಂಬುದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕರೆದಳೋ. ಸುಗಲಾ ಹೊರಗೆ ಬರಲೇ ಇಲ್ಲ. ಪ್ಯಾಂಟು ಎತ್ತಿ ಹಿಡಿದುಕೊಂಡೇ ನಿಂತಿದ್ದ ಮೆಣಸಿನಕಾಯಿಯವರು ಅದನ್ನು ಬಿಟ್ಟು, ಜೇಬಿನಿಂದ ಫೋನು ತೆಗೆದರು.

"ನಜ್ಮಾ, ಬಾವಿಕಟ್ಟಿ ವಾಲ್ವ್ ತಗಿ."

"ಮತ್ತ ಬಸರು ಏರ್ಯಾವ, ಇನ್ನೂ ಮೂರನೇ ಹಂತನ ಐತ್ರಿ ಸರ್. ಕಾರಣ ಹೇಳ್ಬೇಕ್ರಿ. ನೀವ ಮಾಡಿದ ನಿಯಮ, ದನಿ ರೆಕಾರ್ಡ್ ಆಗ್ತೈತಿ, ದಿಲ್ಲಿಗೂ ಹೋಗ್ತೈತಿ."

"ಪೈಪ್ ರಿಪೇರಿ ಅಂತ ಹಾಕು."

"ಪೈಪ್ ರಿಪೇರಿಗೆ ನೀರ ಬಂದ್ ಮಾಡ್ತಾರ್ರಿ ಸರ್, ಬಿಡೂದಿಲ್ಲ."

ಕಟ್ಟೆಯ ಮೇಲಿದ್ದ ಹೆಂಗಸರು ಎದ್ದು ಹತ್ತಿರ ಬಂದಿದ್ದರು. ಕಸ್ತೂರಿ ಹೊಸ್ತಿಲಲ್ಲೇ ನಿಂತಿದ್ದಳು. ಮೆಣಸಿನಕಾಯಿಯವರು ದನಿ ತಗ್ಗಿಸಿದರು. "ಮಾಪಕ ತಪ್ಪು ಓದಾಕತ್ತೈತಿ."

"ಕೇಳಸಲಿಲ್ರಿ ಸರ್."

"ಮಾಪಕ ತಪ್ಪು ಓದಾಕತ್ತೈತಿ ಅಂದೆ!"

"ಎಲ್ಲೀದು ಸರ್? ಬಾವಿಕಟ್ಟೀದಾ?"

"ಎಲ್ಲಾ ಕಡೀದು. ತವರಿಗೆ ಬಂದ ಹೆಣ್ಮಕ್ಕಳನ್ನ ಓಣಿ ಲೆಕ್ಕಕ್ಕ ಹಿಡಿದೀನಿ. ಹಸಿರುಸಿರಿ ಬಸರೆಲ್ಲಾ ಇಲ್ಲಿ ಎಣಿಸೀನಿ. ನನ್ನ ಮಗಳನ್ನೂ."

"ಯಾವಾಗಿಂದ ಅಂತ ಹಾಕ್ಲಿ ಸರ್?"

"ಮೊದಲಿನಿಂದ."

ಆ ಕಡೆ ಕೀಲಿಮಣೆ ಒತ್ತುವ ಸಪ್ಪಳ. ಆಮೇಲೆ, "ಆತ್ರಿ ಸರ್, ತಗದೆ," ಎಂದಳು ನಜ್ಮಾ.

ಕಸ್ತೂರಿ ಹಂಡೆಯ ಕೆಳಗೆ ಒಂದು ಕಟ್ಟಿಗೆ ನೂಕಿದಳು. "ಈ ಒಂದ ಮಾತು ನಿಮ್ಮ ಬಾಯಾಗಿಂದ ಬರಾಕ ಕೂಸು ಹುಟ್ಟಬೇಕಾತು," ಎಂದಳು. "ಅದೂ ನಿಮ್ಮದ ಆಗಬೇಕಾತು. ಬ್ಯಾರೆಯವರ ಕೂಸು ಎಷ್ಟ ಹುಟ್ಟಿದ್ವು ಇಲ್ಲಿ."

ಓಣಿಯ ನಲ್ಲಿ ಕೆಮ್ಮಿತು. ಗಾಳಿ ಬಂತು, ತುಕ್ಕಿನ ನೀರು ಬಂತು, ಆಮೇಲೆ ಒಳ್ಳೆಯ ನೀರು ಬಂತು. ಯಾರೂ ಕೂಗಿ ಕರೆಯಲಿಲ್ಲ, ಆದರೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಓಣಿಯ ಎಲ್ಲ ಬಾಗಿಲುಗಳಿಂದ ಹೆಂಗಸರು, ಗಂಡಸರು, ಮುದುಕಿಯರು ಕೊಡ, ಬಕೆಟ್ಟು, ಡಬ್ಬಿ ಹಿಡಿದು ಬಂದು ಸಾಲು ನಿಂತರು. ಮೊದಲ ಕೊಡ ಬಾಣಂತಿಯ ಹಂಡೆಗೆ ಹೋಯಿತು. ಮೆಣಸಿನಕಾಯಿಯವರು ನಲ್ಲಿಯ ಕಡೆಗೆ ಕಾಲು ಚಾಚಲು ಹೋದರು.

"ಪಾಳಿ ಐತ್ರಿ," ಎಂದಳು ಒಬ್ಬಾಕೆ, ಕೊಡ ಅಡ್ಡ ಹಿಡಿದು.

ಕಸ್ತೂರಿ ಒಳಗಿಂದ ಒಂದು ತಂಬಿಗೆ ತಂದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಹಿಡಿದು ಸಾಲಿನ ಕೊನೆಗೆ ನಡೆದರು. ಸಾಲು ಓಣಿಯ ತಿರುವು ದಾಟಿ ಕಾರು ನಿಂತ ಜಾಗದವರೆಗೂ ಹೋಗಿತ್ತು. ಒಳಗೆ ಕೂಸು ಮತ್ತೆ ಅಳುತ್ತಿರಬೇಕು. ಇಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ. ತಂಬಿಗೆ ಹಿಡಿದು ನಿಂತ ಮೆಣಸಿನಕಾಯಿಯವರು ಮುಂದಿನ ತಲೆಗಳನ್ನು ನೋಡಿದರು. ಅಂಥ ಹೊತ್ತಿನಲ್ಲೂ ಅವರ ಮನಸ್ಸಿಗೆ ಮೊದಲು ಬಂದದ್ದು ಅದೇ ಹಳೆಯ ಮಾತು: ಎಷ್ಟು ಜನ ಇದ್ದಾರಪ್ಪಾ ಇಲ್ಲಿ!

ಹಿಂದೆ ಬಂದು ನಿಂತ ಮುದುಕಿ ಖಾಲಿ ಕೊಡದಿಂದ ಅವರ ಬೆನ್ನಿಗೆ ತಿವಿದು, "ಸರೀರಿ ಮುಂದ," ಎಂದಳು.